ಗಂಡಸ್ತನ ಎಂದು ಹೊಗಳಿದ ಬೆಳಿಗ್ಗೆ

ಹೋದ ಕಾರ್ತೀಕ ಮಾಸದ ಒಂದು ಬೆಳಿಗ್ಗೆ ನಾನು ರಾಯದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಬೊಮ್ಮನಹಾಳಿನ ಬಸ್ಸಿನ ಮುಂಬಾಗಿಲ ಪಕ್ಕದಲ್ಲಿ ನಿಂತಿದ್ದೆ. ಬೆನ್ನ ಹಿಂದೆ ಹೂವಿನವಳ ಬುಟ್ಟಿ, ಎಡಕ್ಕೆ ಬೇವಿನ ಮರ. ಬಿಸಿಲು ಇನ್ನೂ ಕಟ್ಟೆಯ ಮೇಲೆ ಬಂದಿರಲಿಲ್ಲ. ಇಷ್ಟನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ನಾನು ನಿಂತಲ್ಲಿಂದ ಬಾಗಿಲೂ ಮರವೂ ಎರಡೂ ಕಾಣುತ್ತಿದ್ದವು.

ನಾನು ಹುಟ್ಟಿದ್ದು ಮಡಕಶಿರಾದ ಕಡೆ. ಅಲ್ಲಿ ನಮ್ಮವ್ವನ ಬಾಯಲ್ಲಿ ಗಂಡಸ್ತನ ಎಂಬ ಮಾತು ಬೈಗುಳವಾಗಿಯೇ ಬರುತ್ತಿತ್ತು. ಅಪ್ಪ ಊಟದ ತಟ್ಟೆ ನೂಕಿದರೆ, 'ಅನ್ನದ ಮೇಲೆ ತೋರ್ಸು ನಿನ್ ಗಂಡಸ್ತನಾನ' ಅನ್ನುತ್ತಿದ್ದಳು. ಕೆಲಸಕ್ಕೆಂದು ರಾಯದುರ್ಗಕ್ಕೆ ಬಂದ ಮೇಲೆ ಅದೇ ಮಾತನ್ನು ಹೊಗಳಿಕೆಯಾಗಿ ಕೇಳಿದೆ. ಹೆಣ್ಣುಮಗಳ ಕೊಡ ಎತ್ತಿಕೊಟ್ಟರೆ, ಕುಡಿದವನನ್ನು ಅವಳ ದಾರಿಯಿಂದ ಸರಿಸಿದರೆ, ಇಲ್ಲಿಯ ಜನ ಅದನ್ನು ಗಂಡಸ್ತನ ಎನ್ನುತ್ತಿದ್ದರು. ನನಗೆ ಈ ಬಳಕೆ ಹಿಡಿಸಿತ್ತು.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನೂಕುನುಗ್ಗಲು ಹೆಚ್ಚಾಗಿದೆ. ಹಾಗಾಗಿ ಮನೆಯ ಗಂಡಸು ಮೊದಲು ಹತ್ತಿ ಸೀಟು ಹಿಡಿದು ಕೂರುತ್ತಾನೆ. ಬಸ್ಸು ಹೊರಡುವ ಹೊತ್ತಿಗೆ ಹೆಂಗಸು ಹತ್ತುತ್ತಾಳೆ, ಅವನು ಎದ್ದು ನಿಲ್ಲುತ್ತಾನೆ. ಎಲ್ಲರಿಗೂ ಗೊತ್ತಿರುವ ಪದ್ಧತಿ. ಆದರೆ ಜೊತೆಗೆ ಹೆಂಗಸೇ ಇಲ್ಲದೆ, ತಮಗಾಗಿಯೇ ಕುಳಿತು ಆ ನೆಪ ಹೇಳುವವರೂ ಇದ್ದಾರೆ.

ಆವತ್ತು ಮುಂದಿನ ಹೆಂಗಸರ ಸೀಟಿನಲ್ಲಿ ಬಿಳಿ ರುಮಾಲಿನ ಮುದುಕನೊಬ್ಬ ಕುಳಿತಿದ್ದ. ಜೀನ್ಸ್ ಹೊಲಿಯುವ ಶೆಡ್ಡಿನ ಮಾಲೀಕ ಬಸ್ಸು ಹತ್ತಿದ. ಅವನನ್ನು ನಾನು ಬಲ್ಲೆ. ತನ್ನ ಶೆಡ್ಡಿನ ಹೆಣ್ಣುಮಕ್ಕಳನ್ನು ಕತ್ತಲಾದರೆ ಮನೆಯವರೆಗೆ ಕಳಿಸಿಕೊಡುವವನು.

"ಏಳ್ರಿ ಯಜಮಾನ್ರ. ಹೆಣ್ಮಕ್ಕಳ ಸೀಟದು."

"ನನ್ನ ಮಗಳಿಗ್ರೀ. ಬಾಣಂತಿ ಅದಾಳ. ಕೆಳಗ ನಿಂತಾಳ."

"ಸೀಟು ಸಿಕ್ಕ ಕೂಡ್ಲೇ ಎಲ್ಲಾರಿಗೂ ಬಾಣಂತಿ ಮಗಳು ಹುಟ್ತಾಳ, ಏಳ್ರಿ!"

ಒಳಗಿದ್ದವರು ನಕ್ಕರು. ಮಾಲೀಕ ಕಿಟಕಿಯಿಂದ ತಲೆ ಹೊರಹಾಕಿ ಬೇವಿನ ಮರದ ಕಡೆ ನೋಡಿದ. ಅಲ್ಲಿ ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿಕೊಂಡ ಹುಡುಗಿಯೊಬ್ಬಳು ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು.

"ಬಾರವ್ವ ತಂಗಿ," ಎಂದು ಕೂಗಿದ. "ಕೂಸಿನ ತಾಯಿ ನಿಂತಾಳ, ಈ ಹಿರೇಮನಷ್ಯಾ ಕುಂತಾನ! ನಿನಗ ಸೀಟು ಬಿಡಿಸ್ತೀನಿ, ಬಾ."

ಮುದುಕ ಸೀಟಿನ ಕಂಬಿ ಹಿಡಿದುಕೊಂಡ. "ಆಕೀನ್ರೀ, ಆಕೀಗೇ..." ಎನ್ನುತ್ತಿದ್ದ. ಅಷ್ಟರಲ್ಲಿ ಮಾಲೀಕ ಅವನ ರಟ್ಟೆ ಹಿಡಿದು ಎಬ್ಬಿಸಿ ಬಾಗಿಲ ಕಡೆ ತಳ್ಳಿದ. ಬಲವಾಗಿ ಅಲ್ಲ. ಅದನ್ನು ನಾನು ಸ್ಪಷ್ಟವಾಗಿ ಹೇಳಬೇಕು.

"ಗಂಡಸ್ತನ ಅಂದ್ರ ಇದು ನೋಡ್ರಪ್ಪ," ಎಂದ ಕಂಡಕ್ಟರು.

ಮುದುಕನ ಹಿಮ್ಮಡಿಗೆ ಮೆಟ್ಟಿಲು ಸಿಗಲಿಲ್ಲ. ಬೆನ್ನು ಕೆಳಗಾಗಿ ಬಿದ್ದ. ತಲೆ ಕಟ್ಟೆಯ ಅಂಚಿಗೆ ಬಡಿಯಿತು. ರುಮಾಲು ಉರುಳಿ ನನ್ನ ಕಾಲಿಗೆ ತಾಗಿತು. ಹುಡುಗಿ ಓಡಲಾರದೆ, ಒಂದು ಕೈಯಿಂದ ಹೊಟ್ಟೆಯ ಹೊಲಿಗೆಯನ್ನು ಒತ್ತಿ ಹಿಡಿದು, ಇನ್ನೊಂದರಲ್ಲಿ ಕೂಸು ಹಿಡಿದು ಬಂದಳು. "ಅಪ್ಪಾ" ಎಂದಳು. ಕೂಗಲಿಲ್ಲ, ಕರೆದಳು ಅಷ್ಟೆ. ಬಸ್ಸಿನೊಳಗಿನ ನಗು ಅಲ್ಲಿಗೆ ನಿಂತಿತು.

ಸೀಟು ಖಾಲಿ ಇತ್ತು. ಯಾರೂ ಅದರಲ್ಲಿ ಕೂರಲಿಲ್ಲ.

ಮಾಲೀಕ ಕೆಳಗಿಳಿದ. ಆಟೋ ಕರೆದವನೂ ಅವನೇ, ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಹೋದವನೂ ಅವನೇ. ಹುಡುಗಿ ಪಕ್ಕದಲ್ಲಿ ಕುಳಿತಳು. ಬಳ್ಳಾರಿಗೆ ಸಾಗಿಸುವ ದಾರಿಯಲ್ಲಿ ಮುದುಕ ತೀರಿಕೊಂಡನೆಂದು ಸಂಜೆ ತಿಳಿಯಿತು.

ಮಾಲೀಕನನ್ನು ಕೆಟ್ಟವನೆಂದು ಬರೆಯಲು ನನಗೆ ಆಗುತ್ತಿಲ್ಲ. ಅವನು ಸೀಟು ಬಿಡಿಸಿದ್ದು ಆ ಹುಡುಗಿಗಾಗಿಯೇ. ಅವಳಪ್ಪ ಅದನ್ನು ಹಿಡಿದು ಕೂತಿದ್ದೂ ಅವಳಿಗಾಗಿಯೇ. ಇಬ್ಬರಲ್ಲಿ ಒಬ್ಬನನ್ನು ಮಾತ್ರ ನಾವು ಹೊಗಳಿದೆವು. ಈಗ ಯಾರಾದರೂ ಗಂಡಸ್ತನ ಎಂದರೆ ನನಗೆ ಕಾಣುವುದು ಕಂಬಿ ಹಿಡಿದ ಆ ಮುದಿ ಕೈ.

ನಾನು ಹೇಳಿದ್ದು ಸುಳ್ಳೆನಿಸಿದರೆ ಕೇಳಲು ಜನ ಇದ್ದಾರೆ. ಹೂವಿನವಳು ಅದೇ ಜಾಗದಲ್ಲಿ ಕೂರುತ್ತಾಳೆ. ಕಂಡಕ್ಟರು ಈಗ ಕಲ್ಯಾಣದುರ್ಗದ ಬಸ್ಸಿನಲ್ಲಿದ್ದಾನೆ. ಮಾಲೀಕ ಶೆಡ್ಡಿನಲ್ಲಿದ್ದಾನೆ, ಬಸ್ಸು ಹತ್ತುವುದಿಲ್ಲ. ಮತ್ತೆ, ಬೊಮ್ಮನಹಾಳಿನ ಕಾಲುವೆ ಬದಿಯ ಮನೆಯಲ್ಲಿ ಆ ಮಗಳು.