ಅಮ್ಮಿ ಬೇಡಿದ ಶಿಕ್ಷೆ

ನಮ್ಮಮ್ಮಿಯ ನಮಾಜಿನ ಚಾಪೆಯಲ್ಲಿ ಹಣೆ ತಾಗುವ ಜಾಗ ಬಣ್ಣಗೆಟ್ಟು ಸವೆದುಹೋಗಿದೆ. ಅಲ್ಲೇ ಹಣೆಯೂರಿ ಅವಳು ದಿನವೂ ಒಬ್ಬ ಮನುಷ್ಯನಿಗೆ ಶಿಕ್ಷೆಯಾಗಲೆಂದು ಬೇಡುತ್ತಿದ್ದಳು ಎಂದರೆ ನಿಮಗೆ ಕಸಿವಿಸಿಯಾದೀತು, ನನಗೂ ಆಗುತ್ತಿತ್ತು.

ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುತ್ತಿದ್ದ ನಮ್ಮ ಅಬ್ಬಾ ಮಸೀದಿಯಿಂದ ಮನೆಗೆ ಬರುವಾಗ ಕಾರೊಂದು ಗುದ್ದಿ, ನಿಲ್ಲದೆ ಹೋಯಿತು. ಅವರ ಬಲಗಾಲು ಮತ್ತೆ ಮಡಚಲಿಲ್ಲ. ಕಾರು ಓಡಿಸಿದವನು ನಮ್ಮ ಬೀದಿಯ ಅನ್ವರ್. ಅಬ್ಬಾ ಕಣ್ಣಾರೆ ಕಂಡಿದ್ದರು. ಅವನಾದರೋ ಮಸೀದಿಯಲ್ಲಿ ಹಿರಿಯರೆದುರು ಅಲ್ಲಾಹನ ಮೇಲೆ ಆಣೆಯಿಟ್ಟು "ನಾನಲ್ಲ" ಎಂದುಬಿಟ್ಟ. ಬೇರೆ ಸಾಕ್ಷಿಯಿಲ್ಲದೆ ಕೇಸು ಅಲ್ಲಿಗೇ ನಿಂತಿತು. ಶುಕ್ರವಾರ ಅಬ್ಬಾ ಕುರ್ಚಿಯಲ್ಲಿ ಕುಳಿತು ನಮಾಜು ಮಾಡುವ ಸಾಲಿನಲ್ಲೇ ಅವನೂ ಕೈಕಟ್ಟಿ ನಿಲ್ಲುತ್ತಿದ್ದ.

ನೊಂದವರ ಮೊರೆಗೂ ಅಲ್ಲಾಹನಿಗೂ ನಡುವೆ ಪರದೆಯಿಲ್ಲವೆಂದು ನಂಬಿದ ಅಮ್ಮಿ, ನ್ಯಾಯವನ್ನು ಅಲ್ಲಿಯೇ ಕೇಳತೊಡಗಿದಳು.

ಈಚೆಗೆ ಅನ್ವರನ ಪುಟ್ಟ ಮಗಳು ಸನಾ ಜ್ವರ ತಲೆಗೇರಿ ಆಸ್ಪತ್ರೆ ಸೇರಿದಳು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ನೋಡಿದ್ರಾ ಖಾಲಾ, ಸುಳ್ಳಾಣೆ ಸುಮ್ನೆ ಬಿಡುತ್ತಾ?" ಎಂದು ಸಮಾಧಾನ ಹೇಳುವಂತೆ ಹೇಳಿ ಹೋದಳು. ಅಮ್ಮಿ ಕೈಯಲ್ಲಿದ್ದ ಅಕ್ಕಿಯ ಮೊರವನ್ನು ಅಲ್ಲೇ ಕೆಳಗಿಟ್ಟು ಒಳಗೆ ಹೋದಳು.

ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ. "ನಾನು ಕೇಳಿದ್ದು ಅವನಿಗೆ ಅಂತ ಕಣೇ. ಆ ಮಗೂಗೆ ಅಂತ ಕೇಳ್ಲಿಲ್ಲ," ಎಂದು ನನ್ನೆದುರು ಮತ್ತೆ ಮತ್ತೆ ಹೇಳಿಕೊಂಡಳು. ಕೊನೆಗೆ ನಾನೇ ಅವಳನ್ನು ಮಸೀದಿಯ ಇಮಾಮರ ಮನೆಗೆ ಕರೆದುಕೊಂಡು ಹೋದೆ.

"ಒಬ್ಬರ ಪಾಪದ ಹೊರೇನ ಅಲ್ಲಾಹ ಇನ್ನೊಬ್ಬರ ಮೇಲೆ ಹೊರಿಸಲ್ಲಮ್ಮ," ಎಂದರು ಅವರು. "ಮಗೂಗೆ ಬಂದಿರೋದು ಕಾಯಿಲೆ, ಶಿಕ್ಷೆ ಅಲ್ಲ. ಅನ್ವರ್ ಮಾಡಿದ್ದಕ್ಕೆ ಅನ್ವರೇ ಉತ್ತರ ಕೊಡ್ಬೇಕು."

ದೇವರ ನ್ಯಾಯ ತಪ್ಪದು ಎನ್ನುವುದನ್ನು ನಾನು ಅದುವರೆಗೆ ಧೈರ್ಯದ ಮಾತೆಂದೇ ತಿಳಿದಿದ್ದೆ. ಮನೆಗೆ ಮರಳುವ ದಾರಿಯುದ್ದಕ್ಕೂ ಅದು ನನ್ನನ್ನು ಹೆದರಿಸಿತು. ತಪ್ಪದ ನ್ಯಾಯವೆಂದರೆ ಅನ್ಯಾಯ ಮಾಡಿದವನ ಆಣೆಯನ್ನಷ್ಟೇ ಅಲ್ಲ, ನೊಂದವಳ ಪ್ರಾರ್ಥನೆಯನ್ನೂ ತೂಗುವ ನ್ಯಾಯವಲ್ಲವೇ?

ಮರುದಿನ ಅಮ್ಮಿ ಗಂಜಿ ಕಾಸಿಕೊಂಡು ಆಸ್ಪತ್ರೆಗೆ ಹೊರಟಳು. ವಾರ್ಡಿನ ಹೊರಗೆ ಕುಳಿತಿದ್ದ ಅನ್ವರ್ ಅವಳನ್ನು ಕಂಡು ಎದ್ದು ನಿಂತ.

"ಖಾಲಾ, ಆವತ್ತು ಕಾರು..."

"ನನ್ಹತ್ರ ಹೇಳ್ಬೇಡ," ಎಂದಳು ಅಮ್ಮಿ. "ಎಲ್ಲಿ ಆಣೆ ಇಟ್ಯೋ ಅಲ್ಲೇ ಹೋಗಿ ಹೇಳು. ನಾನು ಮಗೂನ ನೋಡೋಕೆ ಬಂದಿದ್ದೀನಿ."

ಒಳಗೆ ಹೋಗಿ ಸನಾಳ ಹಣೆಯ ಮೇಲೆ ಕೈಯಿಟ್ಟು ಅವಳು ಬಹಳ ಹೊತ್ತು ದುವಾ ಮಾಡಿದಳು.

ಸನಾ ಗುಣವಾಗಿ ಮನೆಗೆ ಬಂದಳು. ಅನ್ವರ್ ಮಸೀದಿಯ ಹಿಂದಿನ ಸಾಲಿಗೆ ಸರಿದಿದ್ದಾನಂತೆ. ನಮಾಜು ಮುಗಿದೊಡನೆ ಯಾರ ಮುಖವನ್ನೂ ನೋಡದೆ ಹೊರಟುಬಿಡುತ್ತಾನಂತೆ. ಅಬ್ಬಾ ಕೋಲೂರಿಕೊಂಡು ಮನೆಗೆ ಬರುವುದನ್ನೇ ಕಾದು ಅಮ್ಮಿ ಪ್ರತಿ ಶುಕ್ರವಾರ ಕೇಳುತ್ತಾಳೆ: "ಇವತ್ತೂ ಹೇಳ್ಲಿಲ್ವಾ ಅವನು?"

ತನಗೆ ಅನ್ಯಾಯ ಮಾಡಿದವನಿಗೆ ತಪ್ಪೊಪ್ಪಿಕೊಳ್ಳಲು ಎಲ್ಲಿ ವೇಳೆ ಮೀರಿಹೋದೀತೋ ಎಂಬ ದಿಗಿಲು ಆ ದನಿಯಲ್ಲಿ ಕೇಳಿಸುತ್ತದೆ.