ಆಷಾಢದಲ್ಲಿ ಮಾಡಿದ ಪ್ಲಾನು

ಲಗ್ನಪತ್ರಿಕೆ ಅಚ್ಚು ಹಾಕುವವರಿಗೆ ಪುರುಸೊತ್ತು ಅಂತ ಸಿಗುವುದು ಆಷಾಢದಲ್ಲಿ ಮಾತ್ರ. ಆ ತಿಂಗಳು ಮದುವೆಗಳಿಲ್ಲ, ಹಾಗಾಗಿ ಆರ್ಡರೂ ಇಲ್ಲ. ರಾಜಾಜಿನಗರದ ನಮ್ಮ ಪ್ರೆಸ್ಸಿನಲ್ಲಿ ಮೆಷಿನ್‌ಗಳಿಗೆ ಬಟ್ಟೆ ಹೊದಿಸಿ, ಕೆಲಸದವರಿಗೆ ರಜೆ ಕೊಟ್ಟು, ನಾವು ಮೂವರು ಟೇಬಲ್ ಸುತ್ತ ಕೂರುತ್ತೇವೆ. ನಾನು, ನನ್ನ ಗಂಡ, ಅವರ ಅಣ್ಣ. ವ್ಯಾಪಾರದ ಭವಿಷ್ಯ ನಿರ್ಧಾರವಾಗುವುದು ಆಗಲೇ. ಆದರೆ ಆಷಾಢದಲ್ಲಿ ಹೊಸದೇನನ್ನೂ ಶುರು ಮಾಡುವಂತಿಲ್ಲ. ಶ್ರಾವಣ ಬಂತೋ, ಆರ್ಡರುಗಳ ನಡುವೆ ತಲೆ ಕೆರೆದುಕೊಳ್ಳಲೂ ಬಿಡುವಿಲ್ಲ. ಶುರು ಮಾಡಬಾರದ ತಿಂಗಳಲ್ಲಿ ಪ್ಲಾನು ಮಾಡುವುದು, ಶುರು ಮಾಡಬಹುದಾದ ತಿಂಗಳಲ್ಲಿ ಅದನ್ನು ಮರೆಯುವುದು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಇದನ್ನೇ ನೋಡುತ್ತಿದ್ದೇನೆ. ಮೊದಮೊದಲು ನಗು ಬರುತ್ತಿತ್ತು. ಈಗ ಮೈ ಉರಿಯುತ್ತದೆ.

ಉರಿಯದೆ ಇನ್ನೇನು? ಈಗ ಮದುವೆಯ ಕರೆಯೋಲೆ ವಾಟ್ಸಾಪಿನಲ್ಲಿ ಬರುತ್ತದೆ. ಹಿಂದೆ ನೆಂಟರಿಷ್ಟರಿಗೆಲ್ಲ ಹಂಚುವಷ್ಟು ಕಾರ್ಡ್ ಮಾಡಿಸುತ್ತಿದ್ದವರು, "ದೇವರ ಮುಂದೆ ಇಡೋಕೆ, ದೊಡ್ಡೋರಿಗೆ ಕೊಡೋಕೆ ಆದ್ರೆ ಸಾಕು ಮೇಡಂ" ಅನ್ನುತ್ತಾರೆ. ಹೀಗೇ ಹೋದರೆ ಒಂದು ದಿನ ಶಟರ್ ಎಳೆಯಬೇಕಾಗುತ್ತದೆ ಎಂಬುದು ನನ್ನ ಭಯ. ಮದುವೆಗೆ ಮುಂಚೆ ನಾನು ರಟ್ಟಿನ ಡಬ್ಬ ಮಾಡುವ ಕಂಪನಿಯಲ್ಲಿ ಡಿಸೈನ್ ಕೆಲಸ ಮಾಡಿದ್ದವಳು. ಕಾರ್ಡು ಸತ್ತರೂ ಸ್ವೀಟ್ ಡಬ್ಬ ಸಾಯುವುದಿಲ್ಲ, ವಾಟ್ಸಾಪಿನಲ್ಲಿ ಮೈಸೂರ್ ಪಾಕ್ ಕಳಿಸಲಾಗುವುದಿಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು.

ಹೋದ ವರ್ಷ ಭಾವನವರು ಯಾವುದೋ ಹೋಟೆಲ್ಲಿನಲ್ಲಿ ನಡೆದ ಬಿಸಿನೆಸ್ ಪ್ಲಾನಿಂಗ್ ಶಿಬಿರಕ್ಕೆ ಹೋಗಿ ಬಂದಿದ್ದರು. ಬಂದವರೇ ಗೋಡೆಗೆ ಬಿಳಿ ಬೋರ್ಡು ಹೊಡೆಸಿದರು. ವಿಷನ್, ಮಿಷನ್, ನಮ್ಮ ಶಕ್ತಿ, ನಮ್ಮ ದೌರ್ಬಲ್ಯ, ಅವಕಾಶಗಳು ಎಂದು ಅದರ ಮೇಲೆ ಚೌಕದ ಮನೆಗಳನ್ನು ಎಳೆದು, ಒಂದೊಂದು ಯೋಚನೆಯನ್ನೂ ಅಂಟುಚೀಟಿಯಲ್ಲಿ ಬರೆದು ಅಂಟಿಸಬೇಕೆಂದರು. ಫ್ಯಾನ್ ಹಾಕಿದರೆ ನಮ್ಮ ಶಕ್ತಿಯೆಲ್ಲ ಹಾರಿ ಕೆಳಗೆ ಬೀಳುತ್ತಿತ್ತು. ದೌರ್ಬಲ್ಯಗಳು ಮಾತ್ರ ಗಟ್ಟಿಯಾಗಿ ಅಂಟಿಕೊಂಡಿರುತ್ತಿದ್ದವು. ವಿಷನ್‌ನಲ್ಲಿ "ಮುಂಚೂಣಿ" ಎಂದಿರಬೇಕೋ "ಅಗ್ರಗಣ್ಯ" ಎಂದಿರಬೇಕೋ ಎಂಬ ಚರ್ಚೆಯಲ್ಲೇ ಆಷಾಢದ ಮೊದಲ ವಾರ ಮುಗಿಯಿತು.

ಅಷ್ಟರಲ್ಲಿ ವಿಜಯನಗರದ ಒಬ್ಬ ಸ್ವೀಟ್ ಅಂಗಡಿಯವರು, ನಮ್ಮ ಹಳೇ ಗಿರಾಕಿ, ಹೊಸ ಡಬ್ಬಕ್ಕಾಗಿ ಹುಡುಕುತ್ತಿದ್ದಾರೆಂದು ಗೊತ್ತಾಯಿತು. ನಾನು ಉಳಿದಿದ್ದ ಕಾರ್ಡ್ ಬೋರ್ಡನ್ನೇ ಬ್ಲೇಡಿನಲ್ಲಿ ಕತ್ತರಿಸಿ, ಮಡಿಸಿ, ಎರಡು ಸ್ಯಾಂಪಲ್ ಮಾಡಿದೆ. ಗಣೇಶ ಮೊದಲೇ ಅಚ್ಚಾಗಿದ್ದ ಲಗ್ನಪತ್ರಿಕೆಯ ರಟ್ಟಾದ್ದರಿಂದ ಮುಚ್ಚಳದ ಒಳಗಡೆ ಬಂಗಾರದ ಬಣ್ಣದ ಗಣೇಶ ಬಂದು ಕೂತ. ಹಾಗೇ ಇರಲಿ, ಚೆಂದವಾಗಿದೆ ಅನ್ನಿಸಿತು.

ಅಂಗಡಿಯವರು ಮುಚ್ಚಳ ತೆಗೆದು ನಕ್ಕುಬಿಟ್ಟರು. "ತೆಗೆದ ತಕ್ಷಣ ಗಣೇಶನ ದರ್ಶನ! ಇದನ್ನೇ ಮಾಡಿಕೊಡಿ ಅಮ್ಮಾ. ಆದ್ರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಬೇಕು. ಈ ವಾರ ಹೂಂ ಅಂದ್ರೆ ಆರ್ಡರ್ ನಿಮ್ದೇ." ಒಂದು ಸ್ಯಾಂಪಲ್ ಇಟ್ಟುಕೊಂಡರು. ಇನ್ನೊಂದನ್ನು ಹಿಡಿದುಕೊಂಡು ಪ್ರೆಸ್ಸಿಗೆ ವಾಪಸ್ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ರಟ್ಟು ಕತ್ತರಿಸಿಕೊಡುವವರು ಕುರುಬರಹಳ್ಳಿಯಲ್ಲಿದ್ದರು, ಹೊಸ ಮೆಷಿನ್ ಕೂಡ ಬೇಕಿರಲಿಲ್ಲ. ಬೇಕಿದ್ದದ್ದು ಒಂದು ಹೂಂ.

"ಆಷಾಢ ಕಣಮ್ಮ," ಅಂದರು ಭಾವ.

"ಅಡ್ವಾನ್ಸ್ ತಗೊಳ್ಳೋದು ಬೇಡ ಭಾವ. ಹೂಂ ಅಂತ ಹೇಳಿಬಿಡ್ತೀನಿ, ಅಷ್ಟೇ."

"ಮಾತು ಕೊಡೋದೂ ಶುರು ಮಾಡಿದ ಹಾಗೇನೇ."

"ಮತ್ತೆ ನಾವಿಲ್ಲಿ ಕೂತು ದಿನಾ ಪ್ಲಾನ್ ಮಾಡ್ತಾ ಇರೋದು?"

"ಯೋಚನೆಗೆ ದೋಷ ಇಲ್ಲಮ್ಮ," ಅಂದರು, ಮಗುವಿಗೆ ಹೇಳುವ ದನಿಯಲ್ಲಿ. ನಾನು ಗಂಡನ ಮುಖ ನೋಡಿದೆ. "ಅವಳು ಹೇಳೋದೂ ಸರಿ, ಅಣ್ಣ ಹೇಳೋದೂ ಸರಿ," ಎಂದು ತಲೆಯಾಡಿಸಿದರು. ಆ ಕತ್ತಿಗೆ ಅಡ್ಡಡ್ಡ ಆಡಿ ಗೊತ್ತೇ ಇಲ್ಲ. ಭಾವ "ಡಬ್ಬ" ಎಂದು ಒಂದು ಚೀಟಿಯಲ್ಲಿ ಬರೆದು "ಅವಕಾಶಗಳು" ಎಂಬ ಮನೆಯಲ್ಲಿ ಅಂಟಿಸಿದರು. ನನ್ನ ಸ್ಯಾಂಪಲ್ಲನ್ನು ತಿರುಗಿಸಿಯೂ ನೋಡದೆ, ಹಾರಿಹೋಗದಿರಲಿ ಎಂದು ಅಂಟುಚೀಟಿಗಳ ಕಟ್ಟನ್ನು ಅದರೊಳಗೆ ತುಂಬಿಟ್ಟರು.

ನಾನೇ ಫೋನ್ ಮಾಡಿ ಒಪ್ಪಿಕೊಂಡುಬಿಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಒಪ್ಪಿಕೊಂಡು, ಅಚ್ಚು ಎಲ್ಲಿ ಹಾಕಲಿ? ಮೆಷಿನ್ ಮೇಲಿನ ಬಟ್ಟೆ ತೆಗೆಯುವುದು ಭಾವನವರ ಮಾತಿನ ಮೇಲೆ.

ಶ್ರಾವಣದ ಮೊದಲ ದಿನವೇ ಅಂಗಡಿಯವರಿಗೆ ಫೋನ್ ಮಾಡಿದೆ. "ಅಯ್ಯೋ, ಹೇರೋಹಳ್ಳಿ ಪ್ರೆಸ್ಸಿನವರೊಬ್ಬರು ಒಪ್ಕೊಂಡ್ರಮ್ಮ. ನೀವು ಏನೂ ಹೇಳಲೇ ಇಲ್ಲವಲ್ಲ," ಅಂದರು. ಅವರದೇನು ತಪ್ಪು? ಭಾವನವರಿಗೆ ತಿಳಿಸಿದೆ. "ಹೋಗ್ಲಿ ಬಿಡು, ಆಯುಧಪೂಜೆ ಹೊತ್ತಿಗೆ ಬೇರೆ ಪಾರ್ಟಿ ನೋಡೋಣ," ಅಂದರು. ನಡುವೆ ಪಿತೃಪಕ್ಷ ಬಂತು, ಬೇಡ. ಆಯುಧಪೂಜೆಗೆ ಮೆಷಿನ್‌ಗಳಿಗೆ ಕುಂಬಳಕಾಯಿ ಒಡೆದದ್ದಾಯಿತು. ಕಾರ್ತಿಕದಲ್ಲಿ ಲಗ್ನಗಳು. ಆಮೇಲೆ ಧನುರ್ಮಾಸ, ಅದೂ ಬೇಡ. ನಾನು ಕೇಳುವುದನ್ನೇ ಬಿಟ್ಟೆ.

ಮಾಘದಲ್ಲಿ ಭಾವನವರ ಮಗಳಿಗೆ ಗಂಡು ಗೊತ್ತಾಯಿತು. ಅವರು ಸಂಭ್ರಮದಿಂದ ವಿಜಯನಗರದ ಆ ಅಂಗಡಿಯ ಸ್ವೀಟ್ ಡಬ್ಬವನ್ನೇ ಪ್ರೆಸ್ಸಿಗೆ ತಂದು ಟೇಬಲ್ ಮೇಲಿಟ್ಟು ಮುಚ್ಚಳ ತೆಗೆದರು. ಒಳಗಡೆ ಬಂಗಾರದ ಬಣ್ಣದ ಗಣೇಶ ಕೂತಿದ್ದ.

"ನೋಡಮ್ಮ, ನೋಡು!" ಭಾವ ಸ್ವೀಟನ್ನೇ ಮರೆತು ಮುಚ್ಚಳ ಹಿಡಿದುಕೊಂಡರು. "ತೆಗೆದ ತಕ್ಷಣ ಗಣೇಶ! ಏನು ತಲೆ ಓಡ್ಸಿದಾರೆ! ಇಂಥದ್ದು ನಮಗ್ಯಾಕೆ ಹೊಳೆಯಲ್ಲ?"

ಬೋರ್ಡಿನ ಕೆಳಗೆ ಧೂಳು ಹಿಡಿದು ಕೂತಿದ್ದ ನನ್ನ ಸ್ಯಾಂಪಲ್ ಡಬ್ಬವನ್ನು ತಂದು, ಅಂಟುಚೀಟಿಗಳನ್ನೆಲ್ಲ ಟೇಬಲ್ ಮೇಲೆ ಸುರಿದು, ಮುಚ್ಚಳ ತೆರೆದು ಹೊಸ ಡಬ್ಬದ ಪಕ್ಕದಲ್ಲಿಟ್ಟೆ. ಎರಡು ಗಣೇಶ.

"ಅರೆ! ಇದು ಎಲ್ಲಿತ್ತು?" ಅಂದರು ಭಾವ.

"ನಿಮ್ಮ ಮುಂದೇನೇ ಇತ್ತು. ಆಷಾಢದಿಂದ."

ನನ್ನ ಗಂಡ ಇದೇ ಮೊದಲ ಸಲ ತಲೆಯಾಡಿಸಲಿಲ್ಲ. ಭಾವ ಒಂದು ಡಬ್ಬ ನೋಡಿದರು, ಇನ್ನೊಂದು ನೋಡಿದರು. ಮುಖ ಚಿಕ್ಕದಾಯಿತು. ಆಮೇಲೆ ಚೆಲ್ಲಿದ್ದ ಚೀಟಿಗಳನ್ನು ಒಂದೊಂದಾಗಿ ಆಯ್ದು, ಜೋಡಿಸಿ, ಮತ್ತೆ ನನ್ನ ಡಬ್ಬಕ್ಕೇ ತುಂಬುತ್ತಾ ಹೇಳಿದರು:

"ಬರೋ ಆಷಾಢದಲ್ಲಿ ಮೊದಲು ಇದನ್ನೇ ಕೂತು ಪ್ಲಾನ್ ಮಾಡೋಣ ಕಣಮ್ಮ."