ಪಕ್ಕದ ರೂಮಿನ ಏರ್ ರೈಫಲ್

ಮೊನ್ನೆ ಮಗಳ ಯೂನಿಫಾರ್ಮಿನ ಅಂಚು ಹೊಲಿಯಲೆಂದು ಮೆಷಿನ್ ಹೊರತೆಗೆದು ಎಣ್ಣೆ ಬಿಟ್ಟೆ. ಆ ತೆಳು ವಾಸನೆ ಮೂಗಿಗೆ ಬಡಿದದ್ದೇ ತಡ, ಬರ್ ದುಬೈಯ ಹಳೆಯ ಫ್ಲ್ಯಾಟು, ಪಕ್ಕದ ರೂಮಿನ ಅಣ್ಣ...

ನಾನಾಗ ಮದುವೆಯಾಗಿ ಬಂದ ಹೊಸತು. ಫ್ಲ್ಯಾಟಿನಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಅಡುಗೆಮನೆ ಎಲ್ಲರಿಗೂ ಸೇರಿದ್ದು. ನನ್ನ ಗಂಡ ನಸುಕಿಗೇ ಜೆಬೆಲ್ ಅಲಿಯ ಕಂಪನಿ ಬಸ್ಸು ಹತ್ತುತ್ತಿದ್ದರು. ಕಿಟಕಿ ತೆರೆದರೆ ಎದುರು ಕಟ್ಟಡದ ಏಸಿಗಳ ಬೆನ್ನು ಬಿಟ್ಟು ನನಗೆ ಬೇರೇನೂ ಕಾಣುತ್ತಿರಲಿಲ್ಲ.

ಪಕ್ಕದ ರೂಮಿನ ಅಣ್ಣ ಮಾತ್ರ ಒಬ್ಬರೇ; ಉಡುಪಿ ಕಡೆಯವರು. ಹೊಲಿಗೆ ಯಂತ್ರ ರಿಪೇರಿ ಅವರ ಕೆಲಸ. ಅಂಗಡಿಯ ವ್ಯಾನು ಓಡಿಸುತ್ತಿದ್ದಾಗ ಯಾರೋ ಅಡ್ಡ ಬಂದು, ತಾಗಿ, ಕಾಲು ಮುರಿದುಕೊಂಡಿದ್ದ. ಕೇಸು ಮುಗಿಯುವ ತನಕ ಅಣ್ಣನ ಪಾಸ್‌ಪೋರ್ಟು ಕೋರ್ಟಿನಲ್ಲಿ. ಕೇಸೋ, ಮುಂದೆ ಹೋಗುತ್ತಲೇ ಇತ್ತು. ಅಂಗಡಿಯವರು ಕೈಬಿಟ್ಟರು. ಬೇರೆ ಕಡೆ ಸೇರುವಂತಿಲ್ಲ, ಊರಿಗೆ ಹೋಗುವಂತಿಲ್ಲ. ಹಳೆಯ ಗಿರಾಕಿಗಳು ಕದ್ದುಮುಚ್ಚಿ ಕೊಡುವ ರಿಪೇರಿಯಲ್ಲೇ ಊಟ.

ಊರಲ್ಲಿ ಅವರ ಮಗಳು ಶಾಲೆಯ ಶೂಟಿಂಗ್ ತಂಡದಲ್ಲಿದ್ದಳು. ಇದ್ದ ಒಂದೇ ಏರ್ ರೈಫಲ್ಲಿಗೆ ಎಲ್ಲರೂ ಸರದಿ ಕಾಯಬೇಕಂತೆ. ಸ್ವಂತದ್ದೊಂದು ಬೇಕೆಂದು ಫೋನಿನಲ್ಲಿ ಕೇಳಿದ್ದಳು. ಕೊಳ್ಳುವ ತಾಕತ್ತಿಲ್ಲದ ಅಣ್ಣ ಮಾಡಲು ಕೂತರು. ಗುಜರಿಯ ಪೈಪು, ಹಳೆಯ ಯಂತ್ರಗಳ ಸ್ಪ್ರಿಂಗು, ಭುಜಕ್ಕೆ ಒರಗುವ ಹಿಡಿಗೆ ಮುರಿದ ಮಂಚದ ಕಾಲು, ಗುಂಡಿಗೆ ಮೀನಿನ ಗಾಳದ ಸೀಸ.

"ಇದೆಂತದಣ್ಣ? ಕಳಿಸುವುದು ಹೇಗೆ?" ಎಂದು ಕೇಳಿದ್ದೆ.

"ಅದು ಆಮೇಲೆ ನೋಡುವ ತಂಗಿ. ಕೈ ಸುಮ್ಮನೆ ಕೂತ್ರೆ ತಲೆ ಕೆಡ್ತದೆ."

ಮೊದಲ ಸಲ ಪರೀಕ್ಷಿಸಿದಾಗ ಸೀಸದ ಗುಂಡು ಅವರ ಪಾದದ ಬುಡದಲ್ಲೇ ಉದುರಿತು. ಅಣ್ಣ ಎಲ್ಲ ಬಿಚ್ಚಿ ಮತ್ತೆ ಉಜ್ಜಿದರು, ಮತ್ತೆ ಜೋಡಿಸಿದರು. ಕೊನೆಗೊಂದು ಮಧ್ಯಾಹ್ನ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ಹಳೆಯ ಪೇಪರ್ ತುಂಬಿದ ರಟ್ಟಿನ ಪೆಟ್ಟಿಗೆಯನ್ನು ಓಣಿಯಂಥ ಪ್ಯಾಸೇಜಿನ ತುದಿಗಿಟ್ಟು, ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ವೃತ್ತ ಬರೆದರು. ನಾನು ಅವರ ಹಿಂದೆ ಕಿವಿ ಮುಚ್ಚಿ ನಿಂತೆ.

ಇಡೀ ಫ್ಲ್ಯಾಟು ಠಪ್ಪೆಂದಿತು. ವೃತ್ತದ ಒಳಗೇ, ಅಂಚಿಗೆ ತಾಗಿದಂತೆ, ಒಂದು ತೂತು. ಅಣ್ಣ ಅದರ ಮೇಲೆ ಕಿರುಬೆರಳ ತುದಿ ಇಟ್ಟು ನಕ್ಕರು. ಅವರು ನಕ್ಕದ್ದನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಸದ್ದೇನೆಂದು ಕೇಳಲು ಬಂದ ಕಟ್ಟಡದ ವಾಚ್‌ಮನ್. "ಕ್ಯಾ ಆವಾಜ್ ಹೈ ಬೆಹನ್?" ಕುಕ್ಕರಿನ ವಾಲ್ವ್ ಹಾರಿತೆಂದೆ. ಆತ ನನ್ನ ಹೆಗಲಾಚೆ ಇಣುಕಿ, ತಲೆಯಾಡಿಸಿ ಇಳಿದುಹೋದ. ಚಿಲಕ ಹಾಕಿ ಒಳಬಂದೆ.

"ಅಣ್ಣ, ಪೊಲೀಸರು ಬಂದ್ರೆ ನೀವು ಜೈಲಿಗೆ, ನಮ್ಮೆಲ್ಲರ ವೀಸಾ ಖಲಾಸ್."

"ಗೊತ್ತುಂಟು." ಅವರು ರೈಫಲನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದರು. "ಇದನ್ನು ಊರಿಗೆ ಕಳಿಸ್ಲಿಕ್ಕೂ ಆಗುದಿಲ್ಲ, ಇಲ್ಲಿ ಇಟ್ಕೊಳ್ಲಿಕ್ಕೂ ಆಗುದಿಲ್ಲ. ನನ್ನದೇ ಅವಸ್ಥೆ ಇದಕ್ಕೂ."

ಅದೇ ಸಂಜೆ ಬಿಚ್ಚಿದರು. ನಳಿಗೆಯನ್ನು ಗರಗಸದಲ್ಲಿ ತುಂಡು ಮಾಡುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು... ತುಂಡುಗಳನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಆಬ್ರಾ ದೋಣಿ ಹತ್ತಿ, ಕ್ರೀಕ್ ದಾಟುವಾಗ ಒಂದೊಂದಾಗಿ ನೀರಿಗೆ ಬಿಟ್ಟರಂತೆ. ಬಂದವರು ಊಟ ಮಾಡಲಿಲ್ಲ.

ಮುಂದೆ ಎಷ್ಟೋ ಕಾಲದ ಮೇಲೆ ಕೇಸು ಮುಗಿಯಿತು. ಅಣ್ಣ ಊರಿಗೆ ಹೋದರು. ಅಷ್ಟು ಹೊತ್ತಿಗೆ ಮಗಳು ಕಾಲೇಜು ಸೇರಿ, ಶೂಟಿಂಗ್ ಬಿಟ್ಟಾಗಿತ್ತು. ಆಮೇಲೆ ಫೋನುಗಳೂ ಕಡಿಮೆಯಾದವು. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಯಾರ ಮೂಲಕವೋ ತಡವಾಗಿ ಬಂತು.

ಮೊನ್ನೆ ಹೊಲಿಗೆ ಅರ್ಧಕ್ಕೇ ಬಿಟ್ಟು, ನಂಬರು ಹುಡುಕಿ, ಅವರ ಮಗಳಿಗೆ ಫೋನ್ ಮಾಡಿದೆ. ರೈಫಲಿನ ಕಥೆ ಪೂರ್ತಿ ಹೇಳಿದೆ.

"ಅಲ್ಲಿಯ ವಿಷಯ ಅಪ್ಪ ಒಂದು ದಿನವೂ ಹೇಳಿದವರಲ್ಲ ಆಂಟಿ," ಎಂದಳು. ಆಮೇಲೆ ಕೇಳಿದಳು:

"ಗುರಿಗೆ ತಾಗಿತಾ?"

"ತಾಗಿತು ಮಗಾ," ಎಂದೆ.